ಈಜಿಪ್ಟಿನ ಇರುಳಲ್ಲಿ ಕಂಡ ಬೆಳಕು

1006ರಲ್ಲಿ ಆಗಸದ ದಕ್ಷಿಣದಲ್ಲಿ ಎಂದೂ ಕಾಣದ ನಕ್ಷತ್ರವೊಂದು ಬೆಳಗಿತು. ಈಜಿಪ್ಟಿನ ತರುಣ ಅಲಿ ಇಬ್ನ್ ರಿದ್ವಾನ್ ಅದನ್ನು ಕಣ್ಣಾರೆ ಕಂಡರು. ಮುಂದೆ ಕೈರೋದ ಹೆಸರಾಂತ ವೈದ್ಯರಾದ ಅವರು ಟಾಲೆಮಿಯ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವಾಗ ಅದನ್ನು ದಾಖಲಿಸಿದರು: ಗಾತ್ರ ಶುಕ್ರನ ಎರಡೂವರೆಯಿಂದ ಮೂರು ಪಟ್ಟು, ಬೆಳಕು ಚಂದ್ರನ ಕಾಲುಭಾಗಕ್ಕಿಂತ ತುಸು ಹೆಚ್ಚು. ಅಂದಿನ ಗ್ರಹಸ್ಥಾನಗಳನ್ನೂ ಬರೆದಿಟ್ಟರು. ಯುದ್ಧ, ಕ್ಷಾಮಗಳನ್ನು ಆ ನಕ್ಷತ್ರಕ್ಕೇ ತಳಕು ಹಾಕಿದರು.

ಅರಬ್, ಚೀನಾ, ಜಪಾನ್, ಯೂರೋಪಿನ ಬರಹಗಳನ್ನು ತಾಳೆ ನೋಡಿದ ವಿದ್ವಾಂಸರು ಅದರ ಜಾಡು ಹಿಡಿದರು. 1965ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ ಅದರ ಅವಶೇಷವನ್ನು ಗುರುತಿಸಲು ನೆರವಾಯಿತು. ಅದು ಸುಮಾರು 7000 ಜ್ಯೋತಿರ್ವರ್ಷ ದೂರದ ಮಹಾಸ್ಫೋಟ.

ಇಬ್ನ್ ರಿದ್ವಾನರ ಶಕುನ ಉಳಿಯಲಿಲ್ಲ; ಅಳತೆ ಉಳಿಯಿತು. ಪೂರ್ವಿಕರ ಹಿರಿಮೆಯನ್ನು ಕೊಂಡಾಡುವ ನಾವು ಅವರಿಂದ ಪಡೆಯಬೇಕಾದದ್ದು ಯಾವುದನ್ನು?