ಚುಂಗಾಣಿಯ ಶುದ್ಧಿ

ಹೊಗೆಸೊಪ್ಪಿನ ಚರಿತ್ರೆಯನ್ನು ಬರೆದವರು ಅನೇಕರು. ಅರಸರು ಅದನ್ನು ನಿಷೇಧಿಸಿದುದು, ಬೊಕ್ಕಸದವರು ಅದರ ಮೇಲೆ ಸುಂಕ ಹೇರಿದುದು, ವೈದ್ಯರು ಮೊದಲು ಹೊಗಳಿ ಆಮೇಲೆ ಹಳಿದುದು, ಇವೆಲ್ಲವೂ ಗ್ರಂಥಸ್ಥವಾಗಿವೆ. ಆದರೆ ಸೇದಿ ಮುಗಿದ ಮೇಲೆ ಚುಂಗಾಣಿಯನ್ನು ಶುದ್ಧಿ ಮಾಡಿದವರು ಯಾರು ಎಂದು ಕೇಳುವವರು ಕಡಮೆ. ಶ್ರೋತೃಗಳ ಮುಂದೆ ನಾನು ಈ ಹೊತ್ತು ಇಡಬೇಕೆಂದಿರುವುದು ಆ ಸಣ್ಣ ಪ್ರಶ್ನೆಯನ್ನು.

ಮೊದಲು ಕೊಳೆಯ ಕಾರಣವನ್ನು ತಿಳಿಯೋಣ. ಎಲೆ ಉರಿಯುವಾಗ ಹೊಗೆಯೊಡನೆ ನೀರಿನ ಆವಿಯೂ ಡಾಂಬರಿನಂತಹ ಜಿಗುಟೂ ಹೊರಡುತ್ತವೆ. ಕೊಳವೆಯ ತಣ್ಣನೆಯ ಒಳಮೈಯನ್ನು ಮುಟ್ಟಿದೊಡನೆ ಅವು ಕಂದುಬಣ್ಣದ ರಸವಾಗಿ ಇಳಿದು ನಿಲ್ಲುತ್ತವೆ. ಬೂದಿಯೊಡನೆ ಬೆರೆತ ಈ ರಸ ಒಣಗಿತೆಂದರೆ ದಾರಿ ಮುಚ್ಚುತ್ತದೆ, ಹೊಗೆ ಕಹಿಯಾಗುತ್ತದೆ. ಇದಕ್ಕೆ ಒಂದೊಂದು ಕಾಲ ಒಂದೊಂದು ಉಪಾಯವನ್ನು ಕಂಡುಕೊಂಡಿತು.

ಇಂಗ್ಲೆಂಡಿನಲ್ಲಿ ಹದಿನಾರನೆಯ ಶತಮಾನದ ಕೊನೆಯಿಂದ ಬಳಕೆಗೆ ಬಂದುದು ಬಿಳಿಯ ಜೇಡಿಯ ಚುಂಗಾಣಿ. ಹೊಗೆಸೊಪ್ಪು ದುಬಾರಿಯಾಗಿದ್ದುದರಿಂದ ಅದರ ಬಟ್ಟಲು ಬಲು ಕಿರಿದು. 1604ರಲ್ಲಿ ಹೊಗೆಸೊಪ್ಪನ್ನು ಜರೆದು ಪುಸ್ತಕವನ್ನೇ ಬರೆದ ಒಂದನೆಯ ಜೇಮ್ಸ್ ದೊರೆ 1619ರಲ್ಲಿ ಚುಂಗಾಣಿ ಮಾಡುವವರ ಸಂಘಕ್ಕೆ ಸನ್ನದು ಕೊಟ್ಟನೆಂಬುದು ವಿನೋದದ ಸಂಗತಿ. ಹಾಲೆಂಡಿನ ಗೌಡ ಪಟ್ಟಣಕ್ಕೆ ಈ ಕಸುಬನ್ನು ಒಯ್ದವರೂ ಇಂಗ್ಲಿಷರೇ. ಅಲ್ಲಿಯ ಕುಶಲಿಗಳು 1660ರಲ್ಲಿ ತಮ್ಮದೇ ಶ್ರೇಣಿಯನ್ನು ಕಟ್ಟಿಕೊಂಡರು. ಹಸಿಯ ಜೇಡಿಯ ಸುರುಳಿಯೊಳಗೆ ತಂತಿಯನ್ನು ತೂರಿಸಿ ರಂಧ್ರವನ್ನು ಮಾಡಿ, ಎರಡು ಹೋಳಿನ ಲೋಹದ ಅಚ್ಚಿನಲ್ಲಿ ಒತ್ತಿ, ಬಳಿಕ ಆವಿಗೆಯಲ್ಲಿ ಸುಡುತ್ತಿದ್ದರು.

ಜೇಡಿ ಜಿಗುಟನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಹೋಗುವುದು ಬೆಂಕಿಯಿಂದ. ಹೋಟಲು, ಪಾನಗೃಹಗಳಲ್ಲಿ ಕಬ್ಬಿಣದ ಸರಳುಗಳಿಂದ ಮಾಡಿದ ತೊಟ್ಟಿಲಿನಂತಹ ಚೌಕಟ್ಟೊಂದನ್ನು ಇಟ್ಟುಕೊಂಡಿರುತ್ತಿದ್ದರು. ಕಪ್ಪಾದ ಚುಂಗಾಣಿಗಳನ್ನು ಅದರಲ್ಲಿ ಸಾಲಾಗಿ ಜೋಡಿಸಿ ಒಲೆಯಲ್ಲಿ ಇಟ್ಟರೆ ಒಳಗಿನ ಕೊಳೆಯೆಲ್ಲ ಉರಿದುಹೋಗಿ ಮಣ್ಣು ಮೊದಲಿನಂತೆ ಬೆಳ್ಳಗಾಗುತ್ತಿತ್ತು. ಹಿಂದಿನವನು ಕಚ್ಚಿದ ತುದಿಯನ್ನು ಮುರಿದು ಮುಂದಿನವನಿಗೆ ಕೊಡುತ್ತಿದ್ದರೆಂಬ ಕಥೆಯೊಂದುಂಟು. ಅದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಬೆಂಕಿಯಿರುವಾಗ ಮುರಿಯುವ ಅಗತ್ಯವಾದರೂ ಏನು?

ಚುಂಗಾಣಿ ಶುದ್ಧವಾಯಿತು, ಸೇದುವವನು ಆಗಲಿಲ್ಲ. ಒಣಮಣ್ಣು ತುಟಿಗೆ ಅಂಟುವುದೆಂದು ಕೆಲವರು ತುದಿಗೆ ಮೇಣವನ್ನು ಬಳಿಯುತ್ತಿದ್ದರು. ಆದರೆ ಚುಂಗಾಣಿ ಸೇದುವವರ ಕೆಳದುಟಿಯಲ್ಲಿ ಅರ್ಬುದ ಹೆಚ್ಚಾಗಿ ಕಾಣುವುದೆಂದು ಜರ್ಮನಿಯ ವೈದ್ಯನಾದ ಸೊಮ್ಮರಿಂಗ್ 1795ರಲ್ಲಿಯೇ ಬರೆದನು. ಆತನ ಮಾತಿಗೆ ಲೋಕ ಕಿವಿಗೊಡಲು ನೂರೈವತ್ತು ವರ್ಷಗಳಿಗೂ ಮಿಕ್ಕು ಹಿಡಿಯಿತು.

ನಮ್ಮ ದೇಶದಲ್ಲಿ ಕಥೆ ಬೇರೆಯಾಗಿ ನಡೆಯಿತು. ಅದರ ಮೊದಲ ಪುಟ ಕನ್ನಡ ನಾಡಿನಲ್ಲಿಯೇ ಇದೆ. ಅಕ್ಬರನ ದೂತನಾಗಿ ಎರಡನೆಯ ಇಬ್ರಾಹೀಂ ಆದಿಲಶಾಹನ ಬಿಜಾಪುರಕ್ಕೆ ಹೋಗಿದ್ದ ಅಸದ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡು, 1604ರ ಸುಮಾರಿನಲ್ಲಿ ಅದನ್ನು ಬಾದಶಹನ ಬಳಿಗೆ ಒಯ್ದನು. ತಾನು ಮಾಡಿಸಿದ ಚುಂಗಾಣಿಯನ್ನು ಆತ ಎಷ್ಟು ಅಕ್ಕರೆಯಿಂದ ವರ್ಣಿಸುತ್ತಾನೆ! ಮೂರು ಮೊಳದ ನಳಿಕೆ ಸುಮಾತ್ರದ ಅಚೀನಿನದು, ಎರಡು ತುದಿಗಳಿಗೂ ರತ್ನದ ಕೆಲಸ, ಬಾಯಿಗಿಡುವ ಭಾಗ ಯಮನ್ ದೇಶದ ಕೆಂಪುಕಲ್ಲು, ಕೆಂಡವಿಡುವುದಕ್ಕೆ ಚಿನ್ನ. ಆದರೆ ಮೂರು ಮೊಳದ ನಳಿಕೆಯಲ್ಲಿ ನಿಂತ ಜಿಗುಟನ್ನು ತೆಗೆಯುವವರು ಯಾರೆಂಬುದನ್ನು ಮಾತ್ರ ಆತ ಹೇಳುವುದಿಲ್ಲ. ರತ್ನಕ್ಕೆ ಸಿಕ್ಕಿದ ಸ್ಥಳ ಚಾಕರನಿಗೆ ಸಿಕ್ಕಲಿಲ್ಲ.

ಗುಡುಗುಡಿ ಬಂದ ಮೇಲೆ ಈ ಚಾಕರನಿಗೆ ಒಂದು ಹೆಸರಾದರೂ ದೊರೆಯಿತು: ಹುಕ್ಕಾಬರದಾರ. ಬುರುಡೆಯ ನೀರನ್ನು ಬದಲಿಸುವುದು, ಹಾವಿನಂತೆ ಸುತ್ತಿದ ಉದ್ದನೆಯ ನಳಿಕೆಯನ್ನು ತೊಳೆಯುವುದು, ಚಿಲುಮೆಯ ಕಿಟ್ಟವನ್ನು ಕೆರೆಯುವುದು, ಕೆಂಡವನ್ನು ಕಾಯುವುದು ಇವೇ ಅವನ ಪೂರ್ಣ ಉದ್ಯೋಗ. 1779ರಲ್ಲಿ ಕಲ್ಕತ್ತೆಯಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿಗಳು ಕಳುಹಿಸಿದ ಔತಣದ ಆಮಂತ್ರಣದಲ್ಲಿ, ಹುಕ್ಕಾಬರದಾರನೊಬ್ಬನನ್ನುಳಿದು ಬೇರೆ ಆಳುಗಳನ್ನು ಕರೆತರಬಾರದೆಂದು ವಿಜ್ಞಾಪನೆಯಿದೆ. ಉಳಿದವರಿಲ್ಲದೆ ಊಟ ನಡೆಯಬಹುದಾಗಿತ್ತು, ಅವನಿಲ್ಲದೆ ನಡೆಯುವಂತಿರಲಿಲ್ಲ. ಮುಂದಿನ ಶತಮಾನದಲ್ಲಿ ಇಂಗ್ಲಿಷರು ಚುಟ್ಟಕ್ಕೆ ತಿರುಗಿದಾಗ ಅವರ ಮನೆಗಳಿಂದ ಅವನೂ ಮರೆಯಾದನು.

ಚಾಕರನನ್ನೂ ಒಲೆಯನ್ನೂ ಒಟ್ಟಿಗೆ ಕೈಬಿಡುವಂತೆ ಮಾಡಿದುದು ಮರದ ಚುಂಗಾಣಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಸೇಂಟ್ ಕ್ಲೋಡ್ ಎಂಬ ಬೆಟ್ಟದ ಊರಿನವರು ಮೆಡಿಟರೇನಿಯನ್ ತೀರದ ಬ್ರಯರ್ ಗಿಡದ ಬೇರುಗಂಟನ್ನು ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ, ಕಡೆದು ಇದನ್ನು ಮಾಡತೊಡಗಿದರು. ಈ ಗಂಟು ಬೇಗ ಹೊತ್ತಿಕೊಳ್ಳುವುದಿಲ್ಲವಾದರೂ ಮರ ಮರವೇ. ಒಲೆಯಲ್ಲಿಟ್ಟರೆ ಬೂದಿಯಾಗುತ್ತದೆ, ನೀರಿನಲ್ಲಿ ನೆನೆಸಿದರೆ ಕೆಡುತ್ತದೆ. ಆದುದರಿಂದ ಶುದ್ಧಿಯ ಭಾರ ಒಡೆಯನ ಕೈಗೇ ಬಂದಿತು. ಸೇದಿದ ಬಳಿಕ ಆರುವವರೆಗೆ ಕಾಯಬೇಕು; ಬಿಸಿಯಿರುವಾಗ ಕೊಳವೆಯನ್ನು ಕಿತ್ತರೆ ಸಂದು ಸೀಳುವುದುಂಟು. ಒಳಗೆ ಕಟ್ಟುವ ಇದ್ದಲಿನ ಪದರವನ್ನು ಪೂರ್ತಿ ಕೆರೆಯಬಾರದು. ಮರವನ್ನು ಉರಿಯಿಂದ ಕಾಯುವುದು ಅದೇ. ಹಾಗೆಂದು ದಪ್ಪವಾಗಲು ಬಿಟ್ಟರೆ ಕಾವಿಗೆ ಹಿಗ್ಗಿ ಬಟ್ಟಲನ್ನೇ ಒಡೆಯುತ್ತದೆ. ಒಂದು ನಾಣ್ಯದಷ್ಟು ದಪ್ಪವಿದ್ದರೆ ಸಾಕೆಂದು ಬಲ್ಲವರು ಹೇಳುತ್ತಾರೆ. ಕೊಳವೆಗೆ ಮೊದಲು ಕೋಳಿಯ ಗರಿ, ಆಮೇಲೆ ಹತ್ತಿಯ ನೂಲನ್ನು ಹೊಸೆದ ತಂತಿ. ಡಬ್ಲಿನ್ ನಗರದ ಪೀಟರ್‌ಸನ್ 1890ರಲ್ಲಿ ರಸ ಬಾಯಿಗೆ ಬಾರದೆ ತಂಗುವಂತೆ ಒಂದು ಗುಳಿಯನ್ನೇ ಕೊರೆದು ಹಕ್ಕುಪತ್ರ ಪಡೆದನು. ಆದರೂ ಆ ಗುಳಿಯನ್ನು ಒರೆಸುವ ಕೆಲಸ ತಪ್ಪಲಿಲ್ಲ.

ಜೇಡಿಯ ಚುಂಗಾಣಿಗಳು ಏನಾದುವು? ಬೆಂಕಿಯನ್ನು ಗೆದ್ದ ಅವು ಕೈಜಾರಿದರೆ ಉಳಿಯುತ್ತಿರಲಿಲ್ಲ. ಅಮೆರಿಕದ ವರ್ಜೀನಿಯದ ಜೇಮ್ಸ್‌ಟೌನಿನ ನೆಲದಲ್ಲಿ ಅವುಗಳ ಚೂರುಗಳು ಸಾವಿರಗಟ್ಟಲೆ ದೊರೆತಿವೆ. ಪ್ರಾಚ್ಯವಸ್ತು ಶೋಧಕನಾದ ಹ್ಯಾರಿಂಗ್ಟನ್ ಇಂತಹ ಚೂರುಗಳ ರಂಧ್ರಗಳಿಗೆ ಬಡಗಿಯ ಬೈರಿಗೆಯ ಮೊನೆಗಳನ್ನು ತೂರಿಸಿ ಅಳೆದು, ಹದಿನೇಳನೆಯ ಶತಮಾನದ ಮೊದಲಲ್ಲಿ ಅಂಗುಲದ 9/64ರಷ್ಟಿದ್ದ ರಂಧ್ರ ಹದಿನೆಂಟನೆಯದರ ಕೊನೆಗೆ 4/64ಕ್ಕೆ ಇಳಿದುದನ್ನು 1954ರಲ್ಲಿ ಪ್ರಕಟಿಸಿದನು. ಕೊಳವೆ ನೀಳವಾದಂತೆ ತಂತಿ ಸಣ್ಣದಾಗುತ್ತ ಬಂದಿತ್ತು. ಅಂದಿನಿಂದ, ನಾಣ್ಯವೂ ಶಾಸನವೂ ಸಿಕ್ಕದ ಹಾಳುಮನೆಯ ಕಾಲವನ್ನು ಗೊತ್ತುಮಾಡುವುದಕ್ಕೆ, ಯಾರೋ ಎಸೆದ ಈ ಮಸಿ ಹಿಡಿದ ಚೂರುಗಳನ್ನು ವಿದ್ವಾಂಸರು ಕುಂಚದಿಂದ ಮಣ್ಣೊರೆಸಿ ಎಣಿಸುತ್ತಾರೆ.