ಕಾರಿನ ಬೆನ್ನೇರಿದ ಸೈಕಲ್ಲು

ಕಾರಿನ ಹಿಂಭಾಗದಲ್ಲಿ ಸಾಮಾನು ತುಂಬುವ ಜಾಗವನ್ನು ನಾವು ‘ಡಿಕ್ಕಿ’ ಎನ್ನುತ್ತೇವೆ. ಇದು ಇಂಗ್ಲಿಷಿನಿಂದ ಬಂದ ಮಾತು. ಕುದುರೆಗಾಡಿಗಳ ಕಾಲದಲ್ಲಿ ಆಳುಗಳು ಕುಳಿತುಕೊಳ್ಳುತ್ತಿದ್ದ ಹೊರಗಿನ ಪೀಠಕ್ಕೆ ಆ ಹೆಸರಿತ್ತು. ಮುಂದೆ ಹಳೆಯ ಮೋಟಾರುಗಳ ಹಿಂಬದಿಯ ಮಡಚುವ ಆಸನಕ್ಕೂ ಅದೇ ಹೆಸರು ನಿಂತಿತು. ಅಮೆರಿಕದವರು ಅದೇ ಜಾಗವನ್ನು ‘ಟ್ರಂಕು’ ಎನ್ನುತ್ತಾರೆ. ಹಿಂದೆ ಪ್ರಯಾಣದ ಪೆಟ್ಟಿಗೆಯನ್ನೇ ಕಾರಿನ ಬೆನ್ನಿಗೆ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದುದರ ನೆನಪು ಆ ಹೆಸರಿನಲ್ಲಿ ಉಳಿದಿದೆ. ಕನ್ನಡದಲ್ಲಿ ಮಾತ್ರ ‘ಡಿಕ್ಕಿ’ ಎಂದರೆ ಅಪಘಾತದ ಹೊಡೆತವೂ ಹೌದು. ಈ ಎರಡು ಅರ್ಥಗಳ ನಡುವಿನ ಅಂತರ ಕೆಲವೊಮ್ಮೆ ಒಂದು ಸಡಿಲವಾದ ಪಟ್ಟಿಯಷ್ಟೇ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಯೂರೋಪು, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ಅವರ ಮನೆಗಳಿಗೆ ವಿದ್ಯುತ್ ಸೈಕಲ್ಲು ಬಂದಿದೆ. ಬೆಂಗಳೂರಿನಲ್ಲಿರುವ ನೆಂಟರಲ್ಲಿಯೂ ಒಬ್ಬಿಬ್ಬರು ಅದನ್ನು ಕೊಂಡಿದ್ದಾರೆ. ರಜೆ ಬಂತೆಂದರೆ ಸೈಕಲ್ಲನ್ನು ಕಾರಿನ ಹಿಂದಿನ ಚೌಕಟ್ಟಿಗೆ ಬಿಗಿದು ಹೊರಡುವುದು ವಾಡಿಕೆ. ಇದು ಹೊಸ ಕಾಲದ ಸಮಸ್ಯೆಯಂತೆ ತೋರಿದರೂ ಇದರ ಬೇರುಗಳು ಹಳೆಯವು.

ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಎಂಬಾತ 1881ರಲ್ಲಿ ಮೂರು ಗಾಲಿಯ ಸೈಕಲ್ಲೊಂದನ್ನು ವಿದ್ಯುತ್ತಿನಿಂದ ಓಡಿಸಿ ತೋರಿಸಿದ. ಅಮೆರಿಕದ ಓಹಾಯೋ ರಾಜ್ಯದ ಆಗ್ಡನ್ ಬೋಲ್ಟನ್ ಎಂಬಾತನಿಗೆ 1895ರ ಡಿಸೆಂಬರ್ 31ರಂದು ವಿದ್ಯುತ್ ಸೈಕಲ್ಲಿನ ಪೇಟೆಂಟ್ ದೊರೆಯಿತು. ಹಿಂದಿನ ಚಕ್ರದ ಗುಂಬದಲ್ಲಿ ಮೋಟಾರು, ಚೌಕಟ್ಟಿನ ನಡುವೆ ತೂಗುಬಿಟ್ಟ ಬ್ಯಾಟರಿ. ಇಂದಿನ ಎಷ್ಟೋ ಸೈಕಲ್ಲುಗಳ ರಚನೆ ಹೆಚ್ಚುಕಡಿಮೆ ಇದೇ. ಆದರೂ ಅದು ಬೀದಿಗೆ ಬರಲು ಶತಮಾನವೇ ಹಿಡಿಯಿತು. ಅಡ್ಡ ಬಂದದ್ದು ಬುದ್ಧಿಯ ಕೊರತೆಯಲ್ಲ, ಭಾರ. ಸೀಸದ ಬ್ಯಾಟರಿಯನ್ನು ಹೊತ್ತ ಸೈಕಲ್ಲನ್ನು ತುಳಿಯುವುದಕ್ಕಿಂತ ನಡೆದುಹೋಗುವುದೇ ಸುಖವೆನಿಸುತ್ತಿತ್ತು. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 1993ರಲ್ಲಿ ಜಪಾನಿನ ಯಮಾಹಾ ಸಂಸ್ಥೆ, ತುಳಿಯುವವನ ಬಲಕ್ಕೆ ಮೋಟಾರಿನ ಬಲವನ್ನು ಕೂಡಿಸುವ ಸೈಕಲ್ಲನ್ನು ಮಾರತೊಡಗಿತು. ಅದರಲ್ಲಿದ್ದುದು ಇನ್ನೂ ಸೀಸದ ಬ್ಯಾಟರಿಯೇ. ಈ ಎರಡು ಹಾದಿಗಳು ಒಂದಾದ ಮೇಲೆ ವಿದ್ಯುತ್ ಸೈಕಲ್ಲು ಮನೆಮನೆಗೆ ಬಂದಿತು.

ಇನ್ನು ಕಾರಿಗೆ ಬಿಗಿಯುವ ಚೌಕಟ್ಟಿನ ಕಥೆ. ಸ್ವೀಡನ್ನಿನಲ್ಲಿ 1942ರಲ್ಲಿ ಎರಿಕ್ ಥುಲಿನ್ ಎಂಬಾತ ಮೀನು ಹಿಡಿಯುವ ಬೋನುಗಳನ್ನು ಮಾಡಲು ಒಂದು ಸಂಸ್ಥೆಯನ್ನು ಆರಂಭಿಸಿದ. 1960ರ ದಶಕದಲ್ಲಿ ಆ ಸಂಸ್ಥೆ ಕಾರಿನ ಮಾಡಿನ ಮೇಲಿಡುವ ಸಾಮಾನು ಚೌಕಟ್ಟುಗಳತ್ತ ತಿರುಗಿತು. ‘ಥೂಲೆ’ ಎಂಬ ಆ ಹೆಸರನ್ನು ಇಂದು ಕಾರುಗಳ ನೆತ್ತಿಯ ಮೇಲೆ ಕಾಣುತ್ತೇವೆ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಸೈಕಲ್ಲಿನ ಹುಚ್ಚೇ ಹಬ್ಬಿ, ವರ್ಷಕ್ಕೆ ಒಂದು ಕೋಟಿಗೂ ಮೀರಿ ಸೈಕಲ್ಲುಗಳು ಮಾರಾಟವಾದುವು. ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಸಿಕ್ಕಿಸುವ ಹಗುರವಾದ ಚೌಕಟ್ಟುಗಳು ಬಳಕೆಗೆ ಬಂದವು. ಅವು ಹೊರಬೇಕಾಗಿದ್ದುದು ಹತ್ತು ಹದಿನೈದು ಕೆ.ಜಿ. ತೂಕದ ಸೈಕಲ್ಲುಗಳನ್ನು. ಅಪಾಯದ ಮೂಲ ಇಲ್ಲಿದೆ: ಇಂದಿನ ವಿದ್ಯುತ್ ಸೈಕಲ್ಲು ನೋಡಲು ಹಳೆಯದರಂತೆಯೇ ಇದೆ, ಹಳೆಯ ಕೊಕ್ಕೆಗೆ ಸಲೀಸಾಗಿ ಕೂರುತ್ತದೆ, ಆದರೆ ತೂಗಿದರೆ 20ರಿಂದ 30 ಕೆ.ಜಿ. ರೂಪ ಬದಲಾಗದೆ ಭಾರ ಮಾತ್ರ ಬದಲಾದಾಗ ಮನುಷ್ಯನ ಕಣ್ಣು ಮೋಸಹೋಗುತ್ತದೆ.

ನಮ್ಮ ಹಳೆಯ ಕಪ್ಪು ಸೈಕಲ್ಲೂ 20 ಕೆ.ಜಿ. ಇತ್ತಲ್ಲ, ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರೂರು ತಿರುಗಲಿಲ್ಲವೇ ಎಂದು ನನ್ನ ವಯಸ್ಸಿನವರು ಕೇಳಬಹುದು. ನಿಜ. ವರ್ಗವಾದಾಗಲೆಲ್ಲ ನನ್ನ ಸೈಕಲ್ಲೂ ಹಾಗೆಯೇ ಪ್ರಯಾಣ ಮಾಡಿತು. ಕ್ಲೀನರ್ ಹುಡುಗ ಹಿಂದಿನ ಏಣಿ ಹತ್ತಿ, ಅದನ್ನು ಅಡ್ಡ ಮಲಗಿಸಿ, ತೆಂಗಿನ ನಾರಿನ ಹಗ್ಗದಿಂದ ಬಿಗಿಯುತ್ತಿದ್ದ. ಆದರೆ ಅಲ್ಲಿ ಭಾರ ಚಕ್ರಗಳ ನಡುವೆ, ಮಾಡಿನ ಮೇಲೆ ಮಲಗಿರುತ್ತಿತ್ತು. ಕಾರಿನ ಹಿಂದೆ ಜೋತಾಡುತ್ತಿರಲಿಲ್ಲ. ಒಮ್ಮೆ ಘಾಟಿಯ ತಿರುವಿನಲ್ಲಿ ಯಾರದೋ ಸೈಕಲ್ಲು ಹಗ್ಗ ಬಿಚ್ಚಿಕೊಂಡು ರಸ್ತೆಗೆ ಬಿದ್ದುದನ್ನು ಕಂಡಿದ್ದೇನೆ. ಹ್ಯಾಂಡಲ್ ಸೊಟ್ಟಗಾದುದರ ಹೊರತು ಏನೂ ಆಗಲಿಲ್ಲ. ಏಕೆಂದರೆ ನಮ್ಮ ಹಿಂದೆ ಆ ದಾರಿಯಲ್ಲಿ ಮತ್ತೊಂದು ವಾಹನವೇ ಇರಲಿಲ್ಲ. ಇಂದಿನ ಹೆದ್ದಾರಿಯಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 25 ಮೀಟರ್ ಕ್ರಮಿಸುತ್ತದೆ. ಹಿಂದೆ ಬರುತ್ತಿರುವ ಬೈಕಿನವನಿಗೆ ಯೋಚಿಸಲೂ ಸಮಯವಿರುವುದಿಲ್ಲ.

ಶಾಲೆಯಲ್ಲಿ ಕಲಿತ ಸನ್ನೆಯ ಪಾಠವನ್ನು ನೆನಪಿಸಿಕೊಳ್ಳಿ. ಭಾರವಷ್ಟೇ ಅಲ್ಲ, ಆಧಾರದಿಂದ ಅದು ಇರುವ ದೂರವೂ ಮುಖ್ಯ. 28 ಕೆ.ಜಿ.ಯ ವಿದ್ಯುತ್ ಸೈಕಲ್ಲು ಆಧಾರದಿಂದ 30 ಸೆಂ.ಮೀ. ದೂರದಲ್ಲಿ, 20 ಕೆ.ಜಿ.ಯದು 50 ಸೆಂ.ಮೀ. ದೂರದಲ್ಲಿ ಇದ್ದರೆ ಮೊತ್ತ 840 ಮತ್ತು 1000 ಸೇರಿ 1840. ಅವುಗಳನ್ನು ಅದಲುಬದಲು ಮಾಡಿದರೆ 600 ಮತ್ತು 1400 ಸೇರಿ 2000. ಸೈಕಲ್ಲುಗಳು ಅವೇ, ಚೌಕಟ್ಟೂ ಅದೇ. ಹೊರೆ ಮಾತ್ರ ಹೆಚ್ಚಿತು. ಆದುದರಿಂದ ಭಾರವಾದುದು ಯಾವಾಗಲೂ ಕಾರಿಗೆ ಹತ್ತಿರವಿರಬೇಕು. ರಸ್ತೆಯ ಉಬ್ಬುಗಳ ಮೇಲೆ ಕುಕ್ಕಿದಾಗ ಈ ಹೊರೆ ಕ್ಷಣಕಾಲ ಇನ್ನೂ ಏರುತ್ತದೆಂಬುದನ್ನೂ ಮರೆಯಬಾರದು.

ಯೂರೋಪಿನ ಅನೇಕ ಕಾರುಗಳಲ್ಲಿ ಹಿಂದಿನ ಎಳೆಗುಂಡಿನ ಮೇಲೆ 75 ಕೆ.ಜಿ.ಯಷ್ಟೇ ಭಾರ ಹೇರಬಹುದು. ಚೌಕಟ್ಟಿನದೇ 20 ಕೆ.ಜಿ. ಆದರೆ, ತಲಾ 25 ಕೆ.ಜಿ.ಯ ಎರಡು ಸೈಕಲ್ಲುಗಳಿಗೆ ಮಿತಿ ಮುಗಿಯುತ್ತ ಬಂತು. ಮೂರನೆಯದಕ್ಕೆ ಜಾಗವಿದ್ದರೂ ಅವಕಾಶವಿಲ್ಲ. ಕಾರಿನ ಮಿತಿ, ಚೌಕಟ್ಟಿನ ಮಿತಿ, ಒಂದೊಂದು ಸೈಕಲ್ಲಿಗೆ ನಿಗದಿಯಾದ ಮಿತಿ, ಈ ಮೂರರಲ್ಲಿ ಕಡಿಮೆಯಾದುದೇ ನಮ್ಮ ಮಿತಿ. ಡಿಕ್ಕಿಯ ಬಾಗಿಲಿಗೆ ಪಟ್ಟಿಯಿಂದ ನೇತುಹಾಕುವ ಹಗುರ ಚೌಕಟ್ಟು ಈ ಕೆಲಸಕ್ಕೆ ತಕ್ಕುದಲ್ಲ. ಚಕ್ರಗಳನ್ನು ಕೆಳಗಿನಿಂದ ಹೊರುವ ಬಗೆಯೇ ಲೇಸು.

ಹೊರಡುವ ಮುನ್ನ ಬ್ಯಾಟರಿಯನ್ನು ಬಿಚ್ಚಿ ಕಾರಿನೊಳಗೆ ಇಟ್ಟುಕೊಳ್ಳಿ. ಮೂರು ನಾಲ್ಕು ಕೆ.ಜಿ. ಇಳಿಯುತ್ತದೆ, ಮಳೆ, ಧೂಳು, ಕಳವುಗಳಿಂದಲೂ ಅದು ಉಳಿಯುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಅದನ್ನು ಬಿಟ್ಟುಹೋಗಬೇಡಿ. ಲಿಥಿಯಂ ಬ್ಯಾಟರಿಯ ಬೆಂಕಿ ಸಾಮಾನ್ಯವಾದುದಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈ ಬಳಿ ಬಿದ್ದ ಸರಕು ವಿಮಾನದಲ್ಲಿ ಬೆಂಕಿಗೆ ಸಿಲುಕಿದ ಸರಕಿನಲ್ಲಿ ಇಂಥ ಬ್ಯಾಟರಿಗಳಿದ್ದವು. ಇಬ್ಬರು ವಿಮಾನಚಾಲಕರು ಮಡಿದರು. ಪ್ರಯಾಣಿಕರ ವಿಮಾನದಲ್ಲಿ 160 ವಾಟ್-ಗಂಟೆಗೆ ಮೀರಿದ ಬ್ಯಾಟರಿಯನ್ನು ಸಾಮಾನಿನೊಡನೆ ಒಯ್ಯಲು ಬಿಡುವುದಿಲ್ಲ. ಸೈಕಲ್ಲಿನ ಬ್ಯಾಟರಿ ಸಾಮಾನ್ಯವಾಗಿ 400ಕ್ಕೂ ಮಿಗಿಲು. ಹೀಗಾಗಿ ಪ್ರವಾಸಕ್ಕೆ ಒಯ್ಯುವವರಿಗೆ ಹೆಚ್ಚಾಗಿ ರಸ್ತೆಯೇ ದಾರಿ.

ಸೈಕಲ್ಲಿಗೆ ದೊಡ್ಡ ಮುಸುಕು ಹೊದಿಸಿದರೆ ಅದು ಗಾಳಿಗೆ ಹಾಯಿಯಂತೆ ಉಬ್ಬಿ ಪಟ್ಟಿಗಳನ್ನು ಎಳೆಯುತ್ತದೆ. ಹಿಂದಿನ ದೀಪಗಳೂ ನಂಬರ್ ಫಲಕವೂ ಮರೆಯಾಗಬಾರದು. ಹತ್ತು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಕೈಯಿಂದ ಎಳೆದು ನೋಡಬೇಕು. ಮೊದಲ ಕುಲುಕಾಟಕ್ಕೆ ಎಂಥ ಬಿಗಿತವೂ ಸ್ವಲ್ಪ ಸಡಿಲುತ್ತದೆ.

ಈ ಬೇಸಗೆಯಲ್ಲಿ ಹೊರಡುವವರಿಗೆ ನನ್ನದೊಂದು ಮನೆಗೆಲಸ. ಮನೆಯ ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಬ್ಯಾಟರಿ ಬಿಚ್ಚಿದ ಸೈಕಲ್ಲನ್ನು ಎತ್ತಿಕೊಂಡು ನಿಲ್ಲಿ. ಎರಡರ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು, ಚೌಕಟ್ಟಿನ ಮೇಲೆ ಅಚ್ಚಾಗಿರುವ ಸಂಖ್ಯೆಯೊಡನೆ ಹೋಲಿಸಿ. ಸೈಕಲ್ಲನ್ನು ಎತ್ತಿಕೊಂಡು ನಿಲ್ಲುವುದೇ ಕಷ್ಟವೆನಿಸಿದರೆ, ಆ ಚೌಕಟ್ಟಿನ ಕಷ್ಟವೂ ನಿಮಗೆ ತಿಳಿದಂತಾಯಿತು.