ಉಂಡ ಮನೆಯ ಮಾತು

ಬೆಳಿಗ್ಗೆ ದಹಿಸರ್‌ನಿಂದ ಚರ್ಚ್‌ಗೇಟಿಗೆ ಹೋಗುವ ಸ್ಲೋ ಗಾಡಿಯಲ್ಲಿ ನಮ್ಮದೊಂದು ಗುಂಪಿದೆ. ಬ್ಯಾಂಕಿನವರು ಇಬ್ಬರು, ವಿಮೆಯವರು ಒಬ್ಬರು, ಖಾಸಗಿ ಕಂಪೆನಿಯವರು ಮೂವರು, ಜೊತೆಗೆ ಕೇಂದ್ರ ಸರಕಾರದ ಗುಮಾಸ್ತರಾದ ನಾವು. ಗಾಡಿ ಮಲಾಡ್ ದಾಟುವುದರೊಳಗೆ ಎಲ್ಲರ ಸಾಹೇಬರ ಜಾತಕವೂ ಹೊರಬಿದ್ದಿರುತ್ತದೆ. ಯಾರ ಬಡ್ತಿ ಯಾರು ತಪ್ಪಿಸಿದರು, ಯಾವ ಗುತ್ತಿಗೆ ಯಾರ ಭಾವನಿಗೆ ಹೋಯಿತು, ಯಾವ ಕಡತ ಎಲ್ಲಿ ಮಲಗಿದೆ, ಎಲ್ಲವೂ ಬಹಿರಂಗ. ಚರ್ಚ್‌ಗೇಟಿನಲ್ಲಿ ಇಳಿದೊಡನೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಎಲ್ಲರೂ ಮೌನಿಗಳಾಗುತ್ತೇವೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಈ ಗುಂಪಿನ ಒಬ್ಬರು ತಮ್ಮ ಕಚೇರಿಯ ದಾಖಲೆ ಕೋಣೆಯ ಛಾವಣಿ ಸೋರಿ ಕಡತಗಳು ತೊಯ್ದು ತೊಪ್ಪೆಯಾದುದರ ಚಿತ್ರ ತೆಗೆದು, ಕೆಳಗೆ ನಾಲ್ಕು ಸಾಲು ಬರೆದು ಫೇಸ್‌ಬುಕ್ಕಿಗೆ ಹಾಕಿದರು. ಮೂರನೆಯ ದಿನ ಮೇಜಿನ ಮೇಲೆ ಮೆಮೊ. "ಗಾಡಿಯಲ್ಲಿ ಹತ್ತು ವರ್ಷದಿಂದ ಹೇಳುತ್ತಾ ಬಂದದ್ದನ್ನೇ ಬರೆದದ್ದು ಮಾರಾಯ್ರೆ, ಹೊಸದೇನಿದೆ ಅದರಲ್ಲಿ?" ಎಂದು ಅವರು ನಮ್ಮ ಮುಂದೆ ಕಾಗದ ಹಿಡಿದರು. ಉತ್ತರ ಬರೆದುಕೊಡುವ ಸಲುವಾಗಿ ನಾವು ನಿಯಮಗಳ ಪುಸ್ತಕ ತೆರೆದೆವು. ಬಿ.ಎಸ್‌ಸಿ. ಓದಿದ ನಮಗೆ ಕಾನೂನಿನ ಗಂಧ ಅಷ್ಟಕ್ಕಷ್ಟೆ. ಆದರೆ ಒಂದು ನಿಯಮದ ಹಿಂದೆ ಹೋದರೆ ಇನ್ನೊಂದು, ಅದರ ಹಿಂದೆ ಒಂದು ಮೊಕದ್ದಮೆ, ಹೀಗೆ ಮುಂಬಯಿಯದೇ ಒಂದು ಹಳೆಯ ಕತೆಗೆ ಬಂದು ಮುಟ್ಟಿದೆವು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮ ಹಿರಿಯರ ಮಾತು. ಇಂಗ್ಲಿಷರ ಸರಕಾರ ಇದನ್ನು ನೌಕರರ ಮಟ್ಟಿಗೆ ಕಟ್ಟುನಿಟ್ಟಾಗಿ ಪಾಲಿಸುವಂತೆ ನೋಡಿಕೊಂಡಿತು. ಹೇಳಬೇಕಾದುದಿದ್ದವರು ಹೆಸರು ಮರೆಸಿಕೊಂಡು ಹೇಳಿದರು. ಬಂಗಾಳದ ದೀನಬಂಧು ಮಿತ್ರರು ಅಂಚೆ ಇಲಾಖೆಯ ನೌಕರರು. ಊರೂರು ತಿರುಗುವ ಕೆಲಸ. ನೀಲಿ ಬೆಳೆಯ ಬಿಳಿಯ ತೋಟಗಾರರು ರೈತರನ್ನು ಹಿಂಡುವುದನ್ನು ಕಣ್ಣಾರೆ ಕಂಡು 'ನೀಲ್ ದರ್ಪಣ್' ನಾಟಕ ಬರೆದರು. 1860ರಲ್ಲಿ ಢಾಕಾದಲ್ಲಿ ಅಚ್ಚಾದ ಆ ಪುಸ್ತಕದ ಮೇಲೆ ಕರ್ತೃವಿನ ಹೆಸರಿರಲಿಲ್ಲ. ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳು ಸೆರೆಮನೆ ಕಂಡರು, ಸಾವಿರ ರೂಪಾಯಿ ದಂಡವೂ ಬಿತ್ತು. ನಾಟಕಕಾರರೋ, ಅಂಚೆಯ ಕೆಲಸದಲ್ಲಿಯೇ ಮುಂದುವರಿದು ಕೊನೆಗೆ ಸರಕಾರದಿಂದಲೇ ರಾಯಬಹಾದ್ದೂರ್ ಪದವಿ ಪಡೆದರು. ಮುಸುಕಿನ ಮಹಿಮೆ ಎಂದರೆ ಇದು!

ಎಲ್ಲರ ಮುಸುಕೂ ಇಷ್ಟು ಭದ್ರವಾಗಿರಲಿಲ್ಲ. ಧನಪತ್ ರಾಯ್ ಎಂಬ ಶಾಲಾ ಇನ್‌ಸ್ಪೆಕ್ಟರರು ನವಾಬ್ ರಾಯ್ ಎಂಬ ಹೆಸರಿನಲ್ಲಿ 1908ರಲ್ಲಿ 'ಸೋಜ್-ಎ-ವತನ್' ಎಂಬ ಕತೆಗಳ ಪುಸ್ತಕ ತಂದರು. ಕಲೆಕ್ಟರರು ಕರೆಸಿ ತರಾಟೆಗೆ ತೆಗೆದುಕೊಂಡರು, ಪ್ರತಿಗಳು ಬೆಂಕಿಗೆ ಹೋದವು. ಹೊಟ್ಟೆಪಾಡಿನ ನೌಕರಿ, ಬಿಡುವಂತಿಲ್ಲ. ಆ ಹೆಸರನ್ನು ಬಿಟ್ಟು ಅವರು ಇನ್ನೊಂದು ಹೆಸರು ಹಿಡಿದರು. ಅದು ಪ್ರೇಮಚಂದ. ನಮ್ಮ ಬೇಂದ್ರೆಯವರು ಅಂಬಿಕಾತನಯದತ್ತರಾಗಿದ್ದರೂ ಅದು ಮರೆಸುವ ಹೆಸರಾಗಿರಲಿಲ್ಲ. 'ನರಬಲಿ' ಕವಿತೆಗಾಗಿ 1932ರಲ್ಲಿ ಹಿಂಡಲಗಿ ಸೆರೆಮನೆ ಸೇರಿದ ಆ ಮೇಷ್ಟರಿಗೆ, ಹೊರಗೆ ಬಂದ ಮೇಲೆ ವರ್ಷಗಟ್ಟಲೆ ಸ್ಥಿರವಾದ ಕೆಲಸವಿರಲಿಲ್ಲ.

ಮುಂಬಯಿಯ ಕನ್ನಡಿಗರು ಹಿಡಿದ ಮುಸುಕು ಕಾದಂಬರಿಯದು ಎಂದು ನಮಗೆ ತೋರುತ್ತದೆ. ಯಶವಂತ ಚಿತ್ತಾಲರು ಇಲ್ಲಿಯೇ ರಾಸಾಯನಿಕ ಉದ್ಯಮದಲ್ಲಿ ದುಡಿದವರು. 1979ರ 'ಶಿಕಾರಿ'ಯ ನಾಗಪ್ಪನೂ ಇದೇ ಊರಿನ ರಾಸಾಯನಿಕ ಕಂಪೆನಿಯವನು, ಯಾರು ಏನು ಆರೋಪ ಮಾಡಿದರೆಂಬುದೇ ತಿಳಿಯದೆ ಕೆಲಸದಿಂದ ಅಮಾನತಾಗಿ ಕೂತವನು. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಅದರಲ್ಲಿಯೂ ಆಡಳಿತ ಮತ್ತು ಕಾರ್ಮಿಕರ ಜಟಾಪಟಿಯೇ ವಸ್ತು. ಇವುಗಳನ್ನು ಓದಿ "ನಮ್ಮ ಕಂಪೆನಿಯದೇ ಕತೆ" ಎಂದು ಪಿಸುಗುಟ್ಟದ ಕನ್ನಡಿಗ ನೌಕರ ಈ ಊರಿನಲ್ಲಿ ಆಗ ಕಡಿಮೆಯಿದ್ದಿರಬೇಕು.

ಕಾದಂಬರಿ ಬರೆಯಲಾರದವನ ಗತಿಯೇನು? ಅವನಿಗೆ ಇದ್ದ ದಾರಿ ಸಂಘ. ಒಬ್ಬನ ಬಾಯಿಗೆ ಬೀಗ ಹಾಕುವುದು ಸುಲಭ, ಸಾವಿರ ಜನರ ಬಾಯಿಗೆ ಕಷ್ಟ. ಸ್ವತಂತ್ರ ಭಾರತದ ಸರಕಾರವೂ ಇದನ್ನು ಬೇಗ ಅರಿತುಕೊಂಡಿತು. ಕೇಂದ್ರ ನೌಕರರ 1955ರ ನಡತೆ ನಿಯಮಗಳಿಗೆ 1957ರಲ್ಲಿ ಎರಡು ಬಾಲಗಳನ್ನು ಅಂಟಿಸಲಾಯಿತು. 4-ಎ ಪ್ರಕಾರ ಸೇವಾ ಷರತ್ತುಗಳ ವಿಷಯದಲ್ಲಿ ನೌಕರನು ಯಾವ ಪ್ರದರ್ಶನದಲ್ಲಿಯೂ ಭಾಗವಹಿಸಕೂಡದು, ಮುಷ್ಕರ ಹೂಡಕೂಡದು. 4-ಬಿ ಪ್ರಕಾರ ಸರಕಾರ ಮಾನ್ಯತೆ ಕೊಡದ ಅಥವಾ ಕೊಟ್ಟು ಹಿಂತೆಗೆದುಕೊಂಡ ಸಂಘದಲ್ಲಿ ಇರಕೂಡದು. ಅಂದರೆ ಸಂಘ ಬೇಕೋ ಬೇಡವೋ ಎಂಬುದನ್ನು, ಸಂಘ ಯಾರ ವಿರುದ್ಧ ದೂರುವುದೋ ಅವರೇ ನಿರ್ಧರಿಸುವ ಏರ್ಪಾಡು.

ಮುಂಬಯಿಯ ಅಕೌಂಟೆಂಟ್ ಜನರಲರ ಕಚೇರಿಯಲ್ಲಿ ಇ.ಎಕ್ಸ್. ಜೋಸೆಫ್ ಎಂಬ ನೌಕರರಿದ್ದರು. ಅಲ್ಲಿಯ ನಾನ್-ಗೆಜೆಟೆಡ್ ಸಿಬ್ಬಂದಿಯ ಸಂಘಕ್ಕೆ ಕಾರ್ಯದರ್ಶಿ. ಅವರ ಅಖಿಲ ಭಾರತ ಸಂಘಟನೆಗೆ 1956ರ ಡಿಸೆಂಬರಿನಲ್ಲಿ ಸರಕಾರ ಮಾನ್ಯತೆ ಕೊಟ್ಟಿತ್ತು, 1959ರ ಮೇ ತಿಂಗಳಲ್ಲಿ ಕಿತ್ತುಕೊಂಡಿತು. ಸಂಬಂಧ ಕಡಿದುಕೊಳ್ಳಿ ಎಂದು ಸಾಹೇಬರು ಹೇಳಿದರು. ಜೋಸೆಫ್ ಕೇಳಲಿಲ್ಲ. 1960ರ ಜೂನ್ 3ರಂದು ಅಕೌಂಟೆಂಟ್ ಜನರಲ್ ಓ.ಕೆ. ಘೋಷ್ ಅವರಿಂದ ಮೆಮೊ ಬಂತು: 4-ಬಿ ಉಲ್ಲಂಘಿಸಿದ್ದಕ್ಕೆ ವಿಚಾರಣೆ.

ಆ ವರ್ಷದ ಬಿಸಿ ಇಂದಿನ ನಮ್ಮ ಪೀಳಿಗೆಗೆ ಗೊತ್ತಿಲ್ಲ. ಎರಡನೆಯ ವೇತನ ಆಯೋಗದ ವರದಿ 1959ರಲ್ಲಿ ಬಂದಿತ್ತು, ನೌಕರರಿಗೆ ಅದರಿಂದ ತೃಪ್ತಿಯಾಗಿರಲಿಲ್ಲ. ತುಟ್ಟಿಭತ್ಯೆ ಮತ್ತು ಕನಿಷ್ಠ ವೇತನದ ಬೇಡಿಕೆಗಳನ್ನಿಟ್ಟು ಅಂಚೆ, ತಂತಿ, ರೈಲ್ವೆ, ಲೆಕ್ಕಪತ್ರ ಇಲಾಖೆಯವರೆಲ್ಲ 1960ರ ಜುಲೈ 11ರ ನಡುರಾತ್ರಿಯಿಂದ ಮುಷ್ಕರ ಹೂಡಿದರು. ಸರಕಾರ ಅದಕ್ಕೆ ಮೊದಲೇ ಅಗತ್ಯ ಸೇವೆಗಳ ಸುಗ್ರೀವಾಜ್ಞೆ ಹೊರಡಿಸಿ ಮುಷ್ಕರವನ್ನು ಅಪರಾಧವೆಂದು ಸಾರಿತ್ತು. ಐದು ದಿನಗಳಲ್ಲಿ ಮುಷ್ಕರ ಮುಗಿಯಿತು. ಜುಲೈ 25ರಂದು ಜೋಸೆಫರ ಮೇಜಿಗೆ ಎರಡನೆಯ ಮೆಮೊ: ಪ್ರದರ್ಶನಗಳಲ್ಲಿ ಪಾಲ್ಗೊಂಡಿರಿ, ಮುಷ್ಕರದ ಸಿದ್ಧತೆಯಲ್ಲಿ ಕೈಯಾಡಿಸಿದಿರಿ, ಆದ್ದರಿಂದ 4-ಎ ಪ್ರಕಾರವೂ ವಿಚಾರಣೆ. ಎರಡು ತಿಂಗಳಲ್ಲಿ ಎರಡು ಮೆಮೊ. ಮೆಮೊ ಬಂದ ರಾತ್ರಿ ಮನೆಯಲ್ಲಿ ಊಟ ಹೇಗೆ ಸಾಗುತ್ತದೆಂಬುದು ಅನುಭವಿಸಿದವರಿಗೇ ಗೊತ್ತು.

ಜೋಸೆಫ್ ಮುಂಬಯಿ ಹೈಕೋರ್ಟಿಗೆ ಹೋದರು. ಹೈಕೋರ್ಟು 4-ಬಿಯನ್ನು ಅಸಿಂಧುವೆಂದಿತು, 4-ಎಯನ್ನು ಎತ್ತಿಹಿಡಿಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಏರಿತು. ಅಷ್ಟರಲ್ಲಿ ಬಿಹಾರದ ನೌಕರರ ಇಂಥದೇ ಮೊಕದ್ದಮೆಯಲ್ಲಿ, ಕಾಮೇಶ್ವರ ಪ್ರಸಾದ್ ಅವರದು, 1962ರ ಫೆಬ್ರವರಿಯಲ್ಲಿ ತೀರ್ಪು ಬಂದಿತ್ತು: ಸರಕಾರಿ ನೌಕರನಾದ ಮಾತ್ರಕ್ಕೆ ಮನುಷ್ಯನು ಸಂವಿಧಾನ ಕೊಟ್ಟ ಮೂಲಭೂತ ಹಕ್ಕುಗಳನ್ನು ಕಳೆದುಕೊಳ್ಳುವುದಿಲ್ಲ, ಶಾಂತವಾದ ಪ್ರದರ್ಶನವೂ ಒಂದು ಬಗೆಯ ಮಾತೇ, ಆದರೆ ಮುಷ್ಕರಕ್ಕೆ ಮೂಲಭೂತ ಹಕ್ಕಿಲ್ಲ. ಅದೇ ವರ್ಷ ಅಕ್ಟೋಬರ್ 30ರಂದು ಜೋಸೆಫರ ಮೊಕದ್ದಮೆಯ ತೀರ್ಪು. 4-ಬಿ ಪೂರ್ತಿ ಬಿದ್ದುಹೋಯಿತು. 4-ಎಯಲ್ಲಿ ಪ್ರದರ್ಶನವನ್ನು ನಿಷೇಧಿಸುವ ಭಾಗ ಬಿತ್ತು, ಮುಷ್ಕರದ ನಿಷೇಧ ಉಳಿಯಿತು.

ತೀರ್ಪು ಬರೆದವರು ನ್ಯಾಯಮೂರ್ತಿ ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರರು. ಹೆಸರೇ ಹೇಳುವಂತೆ ಮನೆತನದ ಮೂಲ ನಮ್ಮ ಗಜೇಂದ್ರಗಡ. ಹುಟ್ಟಿದ್ದು ಸಾತಾರೆಯಲ್ಲಿ, ಕಾಲೇಜಿನ ಮೊದಲ ವರ್ಷಗಳನ್ನು ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಮುಂದೆ 1964ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದರು. ಮುಂಬಯಿಯ ಒಬ್ಬ ನೌಕರನ ಬಾಯಿಯ ಬೀಗವನ್ನು ಅರ್ಧದಷ್ಟಾದರೂ ತೆಗೆದವರು ಗಜೇಂದ್ರಗಡದ ಮನೆತನದವರೆಂಬುದು ನಮಗಂತೂ ಹೆಮ್ಮೆಯ ಸಂಗತಿ. ಇಂದು ಊಟದ ವಿರಾಮದಲ್ಲಿ ಕಚೇರಿಯ ಗೇಟಿನ ಮುಂದೆ ನಿಂತು ನಾವು ಘೋಷಣೆ ಕೂಗುತ್ತೇವಲ್ಲ, ಅದರ ಬೆನ್ನಿಗೆ ಈ ತೀರ್ಪುಗಳಿವೆ.

ಅರ್ಧದಷ್ಟು ಎಂದೆವು. ಉಳಿದರ್ಧ 1964ರ ಹೊಸ ನಡತೆ ನಿಯಮಗಳಲ್ಲಿ ಭದ್ರವಾಗಿ ಕೂತಿದೆ. ಅದರ 9ನೆಯ ನಿಯಮದಂತೆ ನೌಕರನು ಸರಕಾರದ ಪ್ರಚಲಿತ ಅಥವಾ ಇತ್ತೀಚಿನ ನೀತಿಯನ್ನಾಗಲಿ ಕ್ರಮವನ್ನಾಗಲಿ ಟೀಕಿಸುವ ಯಾವ ಹೇಳಿಕೆಯನ್ನೂ ಕೊಡಕೂಡದು. ತನ್ನ ಹೆಸರಿನಲ್ಲಿ ಕೂಡದು, ಹೆಸರಿಲ್ಲದೆ ಕೂಡದು, ಕಾವ್ಯನಾಮದಲ್ಲಿ ಕೂಡದು, ಇನ್ನೊಬ್ಬರ ಹೆಸರಿನಲ್ಲಿಯೂ ಕೂಡದು. ದೀನಬಂಧು, ನವಾಬ್ ರಾಯ್ ಎಲ್ಲರ ಮುಸುಕನ್ನೂ ಒಂದೊಂದಾಗಿ ಎಣಿಸಿ ಮುಚ್ಚಿದ ವಾಕ್ಯವಿದು. ಕೆಲವು ವರ್ಗಗಳ ನೌಕರರು ತಮ್ಮ ಸಂಘದ ಪದಾಧಿಕಾರಿಗಳಾಗಿ ಸೇವಾ ಷರತ್ತುಗಳ ಬಗ್ಗೆ ಮಾತಾಡಿದರೆ ಅವರಿಗೆ ವಿನಾಯಿತಿಯುಂಟು. ಅಂದರೆ ಗುಂಪಿನಲ್ಲಿ ಕೂಗಿದರೆ ಹಕ್ಕು, ಒಬ್ಬನೇ ಕೂತು ಬರೆದರೆ ಅಪರಾಧ. 1964ರಲ್ಲಿ ಇದರಿಂದ ಹೆಚ್ಚು ತೊಂದರೆಯಾಗಲಿಲ್ಲ, ಏಕೆಂದರೆ ಒಬ್ಬ ಗುಮಾಸ್ತ ಬರೆದುದನ್ನು ಅಚ್ಚು ಹಾಕುವವರೇ ಅಪರೂಪ. ಈಗ ಅಚ್ಚಿನ ಮನೆ ಪ್ರತಿಯೊಬ್ಬರ ಕಿಸೆಯಲ್ಲಿದೆ, ಸಂಘದ ಸಭೆಗೆ ಬರುವವರು ಕಡಿಮೆಯಾಗಿದ್ದಾರೆ. ಯಾವ ದಾರಿಗೆ ರಕ್ಷಣೆಯಿತ್ತೋ ಅದನ್ನು ಬಿಟ್ಟು, ರಕ್ಷಣೆಯಿಲ್ಲದ ದಾರಿಯಲ್ಲಿ ನಾವೆಲ್ಲ ಒಬ್ಬೊಬ್ಬರಾಗಿ ನಡೆಯುತ್ತಿದ್ದೇವೆ.

(ಶುದ್ಧ ಸಾಹಿತ್ಯ, ಕಲೆ, ವಿಜ್ಞಾನದ ಬರಹಕ್ಕೆ 8ನೆಯ ನಿಯಮ ಅಡ್ಡಿಮಾಡುವುದಿಲ್ಲ. ಆದರೆ ಅಭಿಪ್ರಾಯಗಳು ತನ್ನವು, ಸರಕಾರದ್ದಲ್ಲ ಎಂದು ಬರೆಯುವವನು ಸ್ಪಷ್ಟಪಡಿಸಬೇಕಂತೆ. ಈ ಲೇಖನದ ಅಭಿಪ್ರಾಯಗಳೂ ನಮ್ಮವೇ ಎಂದು ಇಲ್ಲಿಯೇ ಹೇಳಿಬಿಡುತ್ತೇವೆ.)

ಸಂಘದ ರಕ್ಷಣೆಯೂ ಎಲ್ಲ ಕಾಲಕ್ಕೂ ಸಾಲದು ಎಂಬುದಕ್ಕೆ ಕರಾವಳಿಯವರು ಮರೆಯಲಾರದ ಒಂದು ಉದಾಹರಣೆಯಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಮುಂಬಯಿಯಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಆ ದಿನ ಒಲೆ ಉರಿಯಲಿಲ್ಲ. ಅದರ ಬೆನ್ನಿಗೆ, ಆಗ ಸರಕಾರದ್ದಾಗಿದ್ದ ಏರ್ ಇಂಡಿಯಾದ ಆಡಳಿತ, ನೌಕರ ಸಂಘಗಳವರು ಪತ್ರಿಕೆಗಳ ಮುಂದೆ ಬಾಯಿ ಬಿಡಬಾರದೆಂದು ಆದೇಶ ಮಾಡಿತು. ಇದನ್ನು ಪ್ರತಿಭಟಿಸಿ ಮೇ 25ರಂದು ನೌಕರರು ದಿಢೀರ್ ಮುಷ್ಕರ ಹೂಡಿದರು. ದೆಹಲಿ ಹೈಕೋರ್ಟು ತಡೆಯಿತ್ತ ಮೇಲೆ ಮರುದಿನ ಹಿಂತೆಗೆದುಕೊಂಡರು. ಅಷ್ಟರಲ್ಲಿ ಹಲವು ನಾಯಕರು ವಜಾ ಆಗಿದ್ದರು, ಎರಡು ಸಂಘಗಳ ಮಾನ್ಯತೆ ಹೋಗಿತ್ತು. 1959ರ ಮೇ ತಿಂಗಳ ಅದೇ ಅಸ್ತ್ರ. ಮುಷ್ಕರದಿಂದ ಪ್ರಯಾಣಿಕರಿಗೆ ಆದ ತೊಂದರೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅಪಘಾತದ ನಾಲ್ಕನೆಯ ದಿನ ವಿಮಾನ ರಿಪೇರಿ ಮಾಡುವವನ ಬಾಯಿ ಮುಚ್ಚಿಸುವುದರಿಂದ ಯಾರಿಗೆ ಕ್ಷೇಮ ಎಂಬ ಪ್ರಶ್ನೆ ಇದ್ದೇ ಇದೆ.

ಅದೇ ಸಂಸ್ಥೆಯ ಇಬ್ಬರು ವಿಮಾನ ಪರಿಚಾರಕರನ್ನು 2012ರ ಮೇ ತಿಂಗಳಲ್ಲಿ ಮುಂಬಯಿ ಪೋಲೀಸರು ಫೇಸ್‌ಬುಕ್ ಬರಹಗಳಿಗಾಗಿ ಬಂಧಿಸಿದರು. ಹನ್ನೆರಡು ದಿನ ಒಳಗೆ, ಮೇಲೆ ಅಮಾನತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಎ ಕಲಮು ಆಗ ಜೀವಂತವಿತ್ತು. ಅದೇ ನವೆಂಬರಿನಲ್ಲಿ ನಮ್ಮ ದಹಿಸರ್‌ನಿಂದ ಅದೇ ರೈಲು ಹಾದಿಯಲ್ಲಿ ಮುಂದಿರುವ ಪಾಲ್ಘರಿನಲ್ಲಿ, ಒಂದು ಬಂದ್ ಬಗ್ಗೆ ಒಬ್ಬ ಹುಡುಗಿ ಬರೆದದ್ದಕ್ಕೆ, ಅದನ್ನು ಮೆಚ್ಚಿದ್ದಕ್ಕೆ ಇನ್ನೊಬ್ಬಳಿಗೆ, ಪೋಲೀಸ್ ಠಾಣೆ ಕಾಣಬೇಕಾಯಿತು. ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಆ ಕಲಮನ್ನೇ ಕಿತ್ತುಹಾಕಿತು. ಪೋಲೀಸರ ಭಯ ಅಷ್ಟಕ್ಕೆ ಕಡಿಮೆಯಾಯಿತು. ಮೆಮೊದ ಭಯ ಹಾಗೆಯೇ ಇತ್ತು, ಏಕೆಂದರೆ 9ನೆಯ ನಿಯಮಕ್ಕೂ 66-ಎಗೂ ಸಂಬಂಧವಿಲ್ಲ.

ಊರ ಕಡೆಯ ಸುದ್ದಿಗಳೂ ಹೀಗೆಯೇ. ಬಳ್ಳಾರಿ ಜಿಲ್ಲೆಯ ಕೂಡ್ಲಿಗಿಯಲ್ಲಿ ಡಿ.ವೈ.ಎಸ್.ಪಿ. ಆಗಿದ್ದ ಉಡುಪಿ ಕಡೆಯ ಅನುಪಮಾ ಶೆಣೈ 2016ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟಾಗ ಅವರ ಹೆಸರಿನ ಫೇಸ್‌ಬುಕ್ ಬರಹಗಳು ವಾರಗಟ್ಟಲೆ ಪತ್ರಿಕೆಗಳನ್ನು ತುಂಬಿದವು. ನೌಕರಿ ಹೋಯಿತು, ಅವರು ಬೇರೊಂದು ಪಕ್ಷ ಕಟ್ಟಿದರು. ಗಡಿ ಭದ್ರತಾ ಪಡೆಯ ಯೋಧನೊಬ್ಬ ನೀರು ನೀರಾದ ದಾಲ್ ತೋರಿಸಿ 2017ರ ಜನವರಿಯಲ್ಲಿ ವಿಡಿಯೋ ಹಾಕಿದ, ಏಪ್ರಿಲಿನಲ್ಲಿ ವಜಾ ಆದ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲೂಕಿನ ಪ್ರಾಥಮಿಕ ಶಾಲೆಯ ಮೇಷ್ಟರೊಬ್ಬರು ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟು ಎಂದು ಬರೆದು ಅಮಾನತಾದರು. ಸರಕಾರ ಯಾವ ಪಕ್ಷದ್ದೆಂಬುದರಿಂದ ಈ ವಿಷಯದಲ್ಲಿ ವ್ಯತ್ಯಾಸವಾಗುವುದನ್ನು ನಾವು ಕಂಡಿಲ್ಲ.

ಗುಮಾಸ್ತರ ಮಟ್ಟಿಗೆ ನೆನಪಿಡಬೇಕಾದ ಹೆಸರು ತ್ರಿಪುರಾದ ಲಿಪಿಕಾ ಪಾಲ್ ಅವರದು. ಮೀನುಗಾರಿಕೆ ಇಲಾಖೆಯಲ್ಲಿ ಅಪ್ಪರ್ ಡಿವಿಜನ್ ಗುಮಾಸ್ತೆ. 2018ರ ಏಪ್ರಿಲ್ ಕೊನೆಗೆ ನಿವೃತ್ತಿ, ಅದಕ್ಕೆ ಕೆಲವೇ ದಿನ ಮೊದಲು ಅಮಾನತು. ಒಂದು ರಾಜಕೀಯ ಸಭೆಗೆ ಹೋಗಿದ್ದರು, ಫೇಸ್‌ಬುಕ್‌ನಲ್ಲಿ ರಾಜಕಾರಣಿಗಳ ಬಗ್ಗೆ ಬರೆದಿದ್ದರು ಎಂಬುದು ಆರೋಪ. ನಿವೃತ್ತಿಯ ಸೌಲಭ್ಯಗಳು ನಿಂತವು. 2020ರ ಜನವರಿಯಲ್ಲಿ ಮುಖ್ಯ ನ್ಯಾಯಾಧೀಶ ಅಕಿಲ್ ಕುರೇಶಿಯವರು ಇಲಾಖಾ ವಿಚಾರಣೆಯನ್ನು ರದ್ದುಗೊಳಿಸಿದರು. ನಡತೆ ನಿಯಮಗಳ ಮಿತಿಯೊಳಗೆ ನೌಕರನಿಗೂ ತನ್ನ ನಂಬಿಕೆಯನ್ನು ಹೇಳುವ ಹಕ್ಕಿದೆ ಎಂದರು. ಮಿತಿಯೊಳಗೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ಆಕೆ ಬರೆದದ್ದು ರಾಜಕೀಯದ ಬಗ್ಗೆ, ಸೋರುವ ತನ್ನ ಕಚೇರಿಯ ಬಗ್ಗೆ ಅಲ್ಲ. 2025ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರ ತನ್ನ ನೌಕರರು ಸಾಮಾಜಿಕ ಮಾಧ್ಯಮಗಳಲ್ಲಿ ಸರಕಾರದ ನೀತಿಗಳನ್ನು ಟೀಕಿಸಕೂಡದೆಂದು ಮತ್ತೊಮ್ಮೆ ಆದೇಶ ಹೊರಡಿಸಿದೆ. ಗಾಡಿಯಲ್ಲಿ ಅದನ್ನು ಓದಿ ಹೇಳಿದವರು ನಮ್ಮ ಗುಂಪಿನ ಬ್ಯಾಂಕಿನವರು.

ಇನ್ನು ನಮ್ಮ ಮಿತ್ರರ ಮೆಮೊ. ಇದೆಲ್ಲವನ್ನೂ ಸೇರಿಸಿ ನಾವು ಮೂರು ಪುಟದ ಉತ್ತರ ಸಿದ್ಧಪಡಿಸಿದೆವು. ಜೋಸೆಫ್, ಕಾಮೇಶ್ವರ ಪ್ರಸಾದ್, ಲಿಪಿಕಾ ಪಾಲ್ ಮೂವರೂ ಅದರಲ್ಲಿದ್ದರು. ಮಿತ್ರರು ಅದನ್ನು ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿದರು. ಮಗಳ ಇಂಜಿನಿಯರಿಂಗ್ ಕಾಲೇಜಿನ ಫೀಸಿನ ಎರಡನೆಯ ಕಂತು ಆ ತಿಂಗಳೇ ಇತ್ತು. ಮರುದಿನ ಅವರು ನಾಲ್ಕು ಸಾಲಿನ ಕ್ಷಮಾಪಣೆ ಬರೆದುಕೊಟ್ಟು, ಚಿತ್ರವನ್ನು ಅಳಿಸಿಹಾಕಿದರು. ಎಚ್ಚರಿಕೆ ಕೊಟ್ಟು ಬಿಟ್ಟರು. ದಸರೆಯೊಳಗೆ ದಾಖಲೆ ಕೋಣೆಯ ಛಾವಣಿಗೆ ಡಾಂಬರು ಹಾಕಿಸಲಾಯಿತು. ನಮ್ಮ ಮೂರು ಪುಟ ಇನ್ನೂ ಅವರ ಚೀಲದಲ್ಲಿದೆ. ಗಾಡಿಯಲ್ಲಿ ಒಮ್ಮೊಮ್ಮೆ ಹೊರತೆಗೆದು ಓದುತ್ತಾರೆ, ಅಂಧೇರಿಯವರೆಗೆ ಮಾತ್ರ.